ಕೋನೆಗಳ ಮೇಲೆ ಸಿಟ್ಟು ಮಾಡಬಾರದು

ಪರದೆಯ ಮೇಲೆ ಹುಡುಗಿ ಜಿಂಕೆಗೆ ಗುರಿಯಿಟ್ಟು ಹೊಡೆದಳು. ಜಿಂಕೆ ಬಿತ್ತು. ಅದರ ಹೊಟ್ಟೆಯಿಂದ ಚಿನ್ನದ ನಾಣ್ಯಗಳು ಝಣಝಣ ಚಿಮ್ಮಿ ಹುಡುಗಿಯ ಚೀಲ ಸೇರಿದವು. ಆಟದ ಪ್ರದರ್ಶನಕ್ಕೆಂದು ತುಂಬಿದ ಬಮಾಕೊದ ಆ ಸಭಾಂಗಣ ಚಪ್ಪಾಳೆ ತಟ್ಟಿತು.

ನ್ಯೆಲೆ ತ್ರಾವೊರೆ ತಟ್ಟಲಿಲ್ಲ. ಪರದೆಯ ಆ ಹುಡುಗಿ ಅವಳ ಸೃಷ್ಟಿ. ಜಿಂಕೆಯೂ ಅವಳದೇ. ಅಜ್ಜಿ ಮುಸೊಕೊರೊ ಹೇಳುತ್ತಿದ್ದ ಕತೆಯಲ್ಲಿ ಬೇಟೆಗಾರ ಹುಡುಗಿ ಕೊಂದ ಒಂದೊಂದು ಮಿಗವೂ ಅವಳ ಬೆನ್ನೇರಿ ಕೂರುತ್ತಿತ್ತು. ಹೋಗಹೋಗುತ್ತ ನಡಿಗೆ ಕುಗ್ಗಿ, ಕಡೆಗೆ ಜೋಲಿಬಾ ನದಿಯ ದಂಡೆಯಲ್ಲಿ ಕಾಲೆತ್ತಲಾಗದೆ, ಅವಳು ಸತ್ತವುಗಳ ಜೊತೆ ಮಾತಿಗೆ ಕೂರಬೇಕಾಗುತ್ತಿತ್ತು. ನ್ಯೆಲೆ ಅದನ್ನೇ ಕಂಪ್ಯೂಟರ್ ಆಟ ಮಾಡಿದ್ದಳು. ಚಿತ್ರ ಅವಳದು, ಕತೆ ಅವಳದು. ಪ್ರೋಗ್ರಾಂ ಬರೆದು ಅದನ್ನು ಓಡುವಂತೆ ಮಾಡಿದವನು ಸುಂಗಾಲೊ ಕೋನೆ. ಅವಳ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಅಜ್ಜಿ ಬಡಿಸಿದ್ದನ್ನು ತಿಂದು, ಅಜ್ಜಿಯ ಬಾಯಿಂದ ಕತೆ ಕೇಳಿ ಕೆಲಸ ಮಾಡಿದವನು. ಒಂದು ದಿನ ಪ್ಯಾರಿಸ್ಸಿಗೆ ಹೋಗಿ ಆಟವನ್ನು ಅಲ್ಲಿಯ ಕಂಪನಿಗೆ ಮಾರಿ ಬಂದ. ಒಪ್ಪಂದದಲ್ಲಿ ಅವನೊಬ್ಬನದೇ ಹೆಸರು. ಆಟದಲ್ಲಿ ಬೆನ್ನಿನ ಭಾರ ಹೋಗಿ ನಾಣ್ಯ ಬಂದಿತ್ತು.

ಆವತ್ತು ಅವಳು ಕೂಗಾಡಿದ್ದಳು. ಸುಂಗಾಲೊ ನೇರ ಅವರ ಅಂಗಳಕ್ಕೇ ಬಂದು ಅವಳ ಅಪ್ಪನ ಮುಂದೆ ಉದ್ದಂಡ ಬಿದ್ದುಬಿಟ್ಟಿದ್ದ. "ಯಜಮಾನ್ರೇ, ನಿಮ್ಮ ಆಳು ನಿಮ್ಮ ಕೋಳಿ ಹೊತ್ಕೊಂಡು ಹೋಗ್ಬಿಟ್ಟ. ಏನ್ ಮಾಡ್ಲಿ, ನೀವು ಹೊಟ್ಟೆಗೆ ಹಾಕಲ್ಲ." ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಅವನಿಗೆ ಟೀ ಬಗ್ಗಿಸಿ ಕೊಟ್ಟಿದ್ದ. ತ್ರಾವೊರೆ ಕುಲಕ್ಕೂ ಕೋನೆ ಕುಲಕ್ಕೂ ತಲೆಮಾರುಗಳ ಹಾಸ್ಯದ ನಂಟು. ಕಂಡಲ್ಲಿ ಬೈದಾಡಬಹುದು, ನೀನು ನನ್ನ ಆಳು ಎನ್ನಬಹುದು, ಎದುರಿನವನ ತಟ್ಟೆಯ ಮಾಂಸ ಎತ್ತಿ ಬಾಯಿಗೆ ಹಾಕಿಕೊಳ್ಳಬಹುದು. ಸಿಟ್ಟು ಮಾತ್ರ ಮಾಡಬಾರದು. ಮಾಡಿದವನು ಊರಿಗೇ ಹೊರಗಿನವನು.

"ಕೋನೆಗಳ ಮೇಲೆ ಸಿಟ್ಟಾ? ಅಲಸಂದೆ ತಿನ್ನೋ ಜನ ಕಣೇ ಅವರು, ಬಿಡು," ಎಂದಿದ್ದ ಅಪ್ಪ, ಕೋನೆಗಳನ್ನು ಚುಡಾಯಿಸುವ ಹಳೇ ಬೈಗುಳವನ್ನೇ ಎತ್ತಿ.

ಕದ್ದ ಮಾಲನ್ನು ಅವನು ತಮಾಷೆಯೊಳಗೆ ಬಚ್ಚಿಟ್ಟಿದ್ದಾನೆ, ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ ಎಂಬುದು ನ್ಯೆಲೆಗೆ ಆಗಲೇ ಹೊಳೆದಿತ್ತು. ಹೊರಗಿನಿಂದ ಹೋಗುವುದಿಲ್ಲ, ಸರಿ; ತಮಾಷೆಯ ಒಳಗಿನಿಂದಲೇ ಹೋಗಬೇಕು. ಮೂರು ವರ್ಷ ಅವಳು ಕಾದಳು. ಅವನ ಬಾಯಿಂದ ನಗು ಕಿತ್ತು ಹಾಕಬೇಕು, ಊರಿನ ಎದುರು, ಆ ಕಂಪನಿಯವರ ಎದುರು. ಇಷ್ಟೇ ಅವಳಿಗೆ ಬೇಕಿದ್ದದ್ದು.

ವೇದಿಕೆಯ ಮೇಲೆ ಸುಂಗಾಲೊ ಮಿರುಗುವ ನೀಲಿ ಬಾಜಾಂ ಬಟ್ಟೆಯ ನಿಲುವಂಗಿಯಲ್ಲಿ ಮಿಂಚುತ್ತಿದ್ದ. ಪಕ್ಕದಲ್ಲಿ ಕಂಪನಿಯ ಫ್ರೆಂಚ್ ಹೆಂಗಸು, ಅವಳ ಕಿವಿಯ ಬಳಿ ಅನುವಾದ ಉಸುರಲು ಆಸಿತಾನ್ ಎಂಬ ಹುಡುಗಿ. ಮುಂದಿನ ಸಾಲಿನಲ್ಲಿ ಕೋನೆ ಹಿರಿಯರು, ನಡುವೆ ಸುಂಗಾಲೊನ ದೊಡ್ಡಪ್ಪ ಜುಮಾನಾ.

"ಏ ಅಲಸಂದೆ ಹೊಟ್ಟೆ," ನ್ಯೆಲೆ ಎದ್ದು ನಿಂತು ಸಂತೆಯಲ್ಲಿ ಕರೆಯುವ ದನಿಯಲ್ಲಿ ಕರೆದಳು. "ಆಳಿಗೆ ಕುರ್ಚಿ ಕೊಟ್ಟೋರು ಯಾರೋ?"

ಸಭೆ ಹೋ ಎಂದಿತು. ಸುಂಗಾಲೊನ ಮುಖದಲ್ಲಿ ಏನೋ ಒಂದು ಸುಳಿದು ಹೋಯಿತು, ಆದರೆ ನಾಲಗೆ ತಯಾರಿತ್ತು. "ಬಂದ್ಲಪ್ಪಾ ಮಹಾರಾಣಿ. ತ್ರಾವೊರೆಗಳು ಬಂದ್ರೆ ಅಡುಗೆಮನೆಗೆ ಬೀಗ ಹಾಕ್ರೋ ಅಂತ ಹೇಳಿದ್ನಲ್ಲ."

"ಏಳೋ. ಯಜಮಾನ್ತಿ ಬಂದ್ರೆ ಆಳು ನೆಲದ ಮೇಲೆ ಕೂರ್ಬೇಕು."

ಅವನು ಬಗ್ಗಿ ಸಲಾಮು ಹೊಡೆದು ನೆಲದ ಮೇಲೆ ಕೂತ. ಫ್ರೆಂಚ್ ಹೆಂಗಸು ಖುಷಿಯಾಗಿ ಮೊಬೈಲ್ ಎತ್ತಿ ಚಿತ್ರ ತೆಗೆಯತೊಡಗಿದಳು. ನ್ಯೆಲೆ ವೇದಿಕೆ ಹತ್ತಿ ಕುರ್ಚಿಯಲ್ಲಿ ಕೂತು ಬೈಗುಳದ ಆಟ ಮುಂದುವರಿಸಿದಳು.

"ನೋಡ್ರಪ್ಪಾ, ಈ ಹುಡುಗಿ ಎಂದೂ ಒಗೀಬಾರ್ದ ಬೇಟೆ ಅಂಗೀನ ಹೊಳೇಲಿ ಒಗೀತಾಳೆ. ಬೇಟೆ ಅಂಗಿ ಒಗೆದವಳನ್ನ ಯಾವ ಗಂಡ ಮನೇಲಿಟ್ಕೊಂಡಿದಾನೆ?"

"ಎರಡನೇ ಭಾಗದಲ್ಲಿ ಇಸ್ತ್ರೀನೂ ಮಾಡ್ತಾಳೆ," ಎಂದ ಸುಂಗಾಲೊ ಕೆಳಗಿನಿಂದ.

"ಜಿಂಕೆ ಸತ್ರೆ ದುಡ್ಡು ಉದುರತ್ತಂತೆ. ಹಾಗಿದ್ರೆ ನಮ್ಮೂರ ಕಟುಕರೆಲ್ಲ ಮಂತ್ರಿಗಳಾಗ್ಬೇಕಿತ್ತು."

"ಆಗಿದಾರಲ್ಲಮ್ಮಾ," ಎಂದರು ಯಾರೋ ಹಿಂದಿನಿಂದ. ನಗು ನಿಲ್ಲುವವರೆಗೆ ಅವಳು ಕಾದಳು.

"ಈಗ ಹೇಳು. ನೀನು ಯಾರು?"

"ತ್ರಾವೊರೆಗಳ ಆಳು."

"ಆಳಿನ ಮನೇಲಿರೋದೆಲ್ಲ ಯಾರದು?"

"ನಿಮ್ದೇ ಯಜಮಾನ್ತಿ. ಹೆಂಡ್ತಿ ಒಬ್ಬಳನ್ನ ಬಿಟ್ಟು."

"ಈ ಕತೆ?"

"ಅದೂ ನಿಮ್ದೇ."

ಫ್ರೆಂಚ್ ಹೆಂಗಸು ಏನೋ ಕೇಳಿದಳು. ಆಸಿತಾನ್ ನಗುತ್ತ ಕೈಯಾಡಿಸಿದಳು: ತಮಾಷೆ ಅಷ್ಟೇ, ಇವರು ನಂಟರು. ಸುಂಗಾಲೊ ಕೆಳಗಿನಿಂದ ನ್ಯೆಲೆಯನ್ನು ನೋಡಿದ. ಮತ್ತೆ ನಾನೇ ಗೆದ್ದೆ ಎನ್ನುವ ನೋಟ.

ಅವಳೂ ನಗುತ್ತಲೇ ಇದ್ದಳು. ಕೆನ್ನೆ ನೋಯುತ್ತಿತ್ತು. ಎಷ್ಟೇ ಬೈದರೂ ಈ ನಂಟಿನಲ್ಲಿ ಎದುರಿನವನ ತಾಯಿಯ ಸುದ್ದಿ ಎತ್ತುವ ಹಾಗಿಲ್ಲ, ಎತ್ತಿದರೆ ತಾನೇ ಸೋತಂತೆ. ಅವನಾಗಿಯೇ ಗೆರೆ ದಾಟಬೇಕು.

"ನಮ್ಮಜ್ಜಿ ಮಡಕೇಲಿ ಏನು ತಿಂದೆ?"

"ಅಲಸಂದೆ."

"ಎಷ್ಟು ದಿನ?"

"ಮಡಕೆ ತೂತಾಗೋವರೆಗೆ."

"ಅಜ್ಜಿ ಸತ್ತಾಗ ಎಲ್ಲಿದ್ದೆ?"

ತ್ರಾವೊರೆಗಳ ಮನೆಯಲ್ಲಿ ಸಾವಾದರೆ ಕೋನೆಗಳು ಬರಬೇಕು. ಹೆಣ ಅಡ್ಡಗಟ್ಟಬೇಕು, ನಮ್ಮ ಆಳನ್ನು ನಮ್ಮನ್ನು ಕೇಳದೆ ಹೂಳುತ್ತೀರಾ ಎಂದು ಜಗಳ ತೆಗೆದು ಅಳುವವರನ್ನು ನಗಿಸಬೇಕು. ಮುಂದಿನ ಸಾಲಿನ ಮುದುಕರು ಕತ್ತು ಚಾಚಿದರು.

"ವಿಮಾನದಲ್ಲಿದ್ದೆ," ಎಂದ.

"ಆ ವಿಮಾನ ಯಾರ ಕತೆ ಮೇಲೆ ಹಾರ್ತಿತ್ತೋ? ನಿನ್ನ ದಾರಿ ಕಾದು ಕಾದು, ನಗಿಸೋರಿಲ್ದೆ ಹೂತ್ವಿ. ಅಷ್ಟು ಅಲಸಂದೆ ತಿಂದೋನು ಒಂದು ನಗುನಾದ್ರೂ ತರ್ಬಾರ್ದಿತ್ತಾ, ಹೊಟ್ಟೆಬಾಕ?"

ಇದಕ್ಕೂ ಕೆಲವರು ನಕ್ಕರು, ಅಭ್ಯಾಸಬಲದಿಂದ. ಸುಂಗಾಲೊ ನಗಲಿಲ್ಲ. ನೆಲದಿಂದೆದ್ದು ನಿಲುವಂಗಿ ಕೊಡವಿಕೊಂಡ.

"ಸಾಕು ನಿಲ್ಸು. ಏನು ಮಾಡಿದ್ಲು ಆ ಮುದುಕಿ? ಮಾವಿನ ಮರದ ಕೆಳಗೆ ಕೂತು ಬಾಯಿಗೆ ಬಂದದ್ದು ಹೇಳಿದ್ಲು. ನೀನು ಅದನ್ನ ಗೀಚಿಟ್ಟೆ. ಮಾರೋ ಯೋಗ್ಯತೆ ಇತ್ತಾ ನಿಮಗೆ? ನನಗಿತ್ತು, ನಾನು ಮಾರಿದೆ. ಈಗ ಇಳಿ ಕೆಳಗೆ."

ಕೋನೆಯೊಬ್ಬ ತ್ರಾವೊರೆಯ ಮೇಲೆ ಸಿಟ್ಟು ಮಾಡಿದ್ದ, ಅದೂ ಸತ್ತವಳನ್ನು ಹೀನಾಯ ಮಾಡಿ. ಫ್ರೆಂಚ್ ಹೆಂಗಸು ಮೊಬೈಲ್ ಕೆಳಗಿಳಿಸಿ ಮತ್ತೆ ಕೇಳಿದಳು. ಆಸಿತಾನ್ ಈ ಸಲ ಕೈಯಾಡಿಸಲಿಲ್ಲ. ಸುಂಗಾಲೊನ ಕಣ್ಣೆದುರಿಗೇ, ಒಂದು ಮಾತೂ ಬಿಡದೆ, ನಿಧಾನವಾಗಿ ಫ್ರೆಂಚಿನಲ್ಲಿ ಹೇಳಿದಳು. ಕೇಳುತ್ತ ಕೇಳುತ್ತ ಆ ಹೆಂಗಸು ತನ್ನ ಕುರ್ಚಿಯನ್ನು ಅವನಿಂದ ದೂರ ಎಳೆದುಕೊಂಡಳು.

ಸುಂಗಾಲೊ ನಗಲು ನೋಡಿದ. ಬರಲಿಲ್ಲ.

ನ್ಯೆಲೆಯ ಎದೆಯಲ್ಲಿ ಬಿಸಿಯಾಗಿ, ಸಿಹಿಯಾಗಿ ಏನೋ ಹರಿಯಿತು. ಇನ್ನಷ್ಟು ಹೊತ್ತು ಅವನ ಮುಖ ನೋಡುತ್ತ ಕೂರಬೇಕೆನಿಸಿತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಜುಮಾನಾ ಕೋನೆ ಕೋಲೂರಿ ಎದ್ದ. ತಲೆಯ ಬಿಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅವನು ಎಲ್ಲಿಗೆ ಬರುತ್ತಿದ್ದಾನೆ, ಯಾಕೆ ಬರುತ್ತಿದ್ದಾನೆ ಎಂಬುದು ಇಡೀ ಸಭೆಗೆ ಗೊತ್ತಿತ್ತು. ಹಿರಿಯ ಕೋನೆಯೊಬ್ಬ ಎದುರು ನಿಂತು, ನಂಟಿನ ಹೆಸರಿನಲ್ಲಿ ಬಿಟ್ಟುಬಿಡು ಮಗಳೇ ಎಂದರೆ, ತ್ರಾವೊರೆಯಾದವರು ಬಿಡಲೇಬೇಕು. ಆಗುವುದಿಲ್ಲ ಎಂದವರು ಹುಟ್ಟಿಲ್ಲ. ಆ ಮಾತು ಕಿವಿಗೆ ಬಿದ್ದಿತೋ, ಸುಂಗಾಲೊ ನಾಳೆ ಮತ್ತೆ ಅವರ ಅಂಗಳದಲ್ಲಿ ಟೀ ಕುಡಿಯುತ್ತಾನೆ.

ಮುದುಕನ ಮಂಡಿ ನೋವು. ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದ.

ನ್ಯೆಲೆ ಎದ್ದಳು. ಪರದೆಯ ಹಿಂದೆ ನುಗ್ಗಿ, ಮಡಚಿಟ್ಟ ಕುರ್ಚಿಗಳನ್ನು ದಾಟಿ, ಹಿಂಬಾಗಿಲಿಂದ ಬೀದಿಗೆ ಬಿದ್ದಳು.

"ಮಗಳೇ, ನಿಲ್ಲು," ಎಂಬ ಕೂಗು ಹಿಂದೆಯೇ ಬಂತು. ಅಷ್ಟು ಕೇಳಿದರೆ ಏನೂ ತಪ್ಪಿಲ್ಲ. ಮುಂದಿನದು ಕೇಳಬಾರದು. ಎದುರಿಗೆ ಬಂದ, ಜನ ತುಂಬಿದ ಹಸಿರು ಬಾಡಿಗೆ ವ್ಯಾನಿಗೆ ಅಡ್ಡ ನಿಂತು ಹತ್ತಿಬಿಟ್ಟಳು.

"ಬಿಡಣ್ಣ, ಬೇಗ."

"ಎಲ್ಲಿಗಮ್ಮಾ?" ಡ್ರೈವರ್ ಕನ್ನಡಿಯಲ್ಲಿ ನೋಡಿದ. "ಹಿಂದೆ ಯಾರೋ ಯಜಮಾನ್ರು ಟೋಪಿ ಬೀಸ್ತಿದಾರೆ."

"ಅವನೊಬ್ಬ ಕೋನೆ. ಹತ್ತಿಸ್ಕೋಬೇಡ."

"ಓಹೋ, ತ್ರಾವೊರೆನಾ ನೀನು?" ಡ್ರೈವರನ ಮುಖ ಅಗಲವಾಯಿತು. "ನಾನೂ ಕೋನೆನೇ ಕಣಮ್ಮಾ."

"ಹಾಗಾದ್ರೆ ಬಾಯ್ಮುಚ್ಕೊಂಡು ಓಡ್ಸೋ, ಅಲಸಂದೆ ಹೊಟ್ಟೆ."

ವ್ಯಾನಿನ ತುಂಬ ನಗು ಎದ್ದಿತು. ಡ್ರೈವರ್ ನಗುತ್ತಲೇ ಗೇರು ಹಾಕಿದ. ನ್ಯೆಲೆ ನಗಲಿಲ್ಲ. ಕಿಟಕಿಯ ಗಾಜು ಏರಿಸಿ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಕೆಂಪು ಧೂಳಿನಲ್ಲಿ ಮುದುಕನ ಬಾಯಿ ಆಡುವುದು ಕಾಣದಾಗುವವರೆಗೂ ಹಿಂದಕ್ಕೇ ನೋಡುತ್ತ ಕೂತಳು.