ನಿಬಿಯಾ ಹೇಳಿದ ನಿಜ

ಮಾಂಟೆವಿಡಿಯೊದ ನಮ್ಮ ಪ್ರಯೋಗಾಲಯದಲ್ಲಿ ನಿಬಿಯಾ ನನ್ನ ಪಕ್ಕದ ಮೇಜಿನವಳು. ಇಲಿಭ್ರೂಣದ ಮೂತ್ರಪಿಂಡಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದಳು. ಸಾಸಿವೆಗಿಂತ ಚಿಕ್ಕದಾದ ಅಂಗಾಂಶ; ಅದು ಹೊರಬಿಡುವ ಬೆಳವಣಿಗೆಯ ಅಂಶ ಪಕ್ಕದ ನಾಳದಿಂದ ಒಂದು ಮೊಗ್ಗನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಮೊಗ್ಗು ಬಂದು ಕವಲೊಡೆದರೆ ಮೂತ್ರಪಿಂಡ. ಬಾರದಿದ್ದರೆ ಆ ಅಂಗಾಂಶವೂ ಸಾಯುತ್ತದೆ. ಮೊಗ್ಗು ತಡವರಿಸಿದ ತಟ್ಟೆಗೆ ನಿಬಿಯಾ ಆ ಅಂಶವನ್ನು ತಾನೇ ಹನಿಸಿ ಬೆಳೆಸುತ್ತಿದ್ದಳು. ಅವಳ ತಂಗಿ ಲೂರ್ದೆಸ್ ತನ್ನ ಬೇಕರಿಗೆ ಬಂದವರಿಗೆಲ್ಲ, "ನಮ್ಮಕ್ಕ ಕಿಡ್ನಿ ಬೆಳೀತಾಳೆ, ನಾನು ಬ್ರೆಡ್ಡು" ಎಂದು ಜಂಬ ಕೊಚ್ಚುತ್ತಿದ್ದಳು.

ನಲವತ್ತರ ಹತ್ತಿರ ಲೂರ್ದೆಸಳಿಗೆ ಮೊದಲ ಬಸಿರು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ಸುತ್ತ ನೀರೇ ಇರಲಿಲ್ಲ. ಎರಡೂ ಮೂತ್ರಪಿಂಡ ಮೂಡಿಲ್ಲ, ಹುಟ್ಟಿದರೂ ಬದುಕುವುದಿಲ್ಲ ಎಂದರು ವೈದ್ಯರು. ಅವಳು ಅಲ್ಲಿಂದ ನೇರ ನಮ್ಮ ಪ್ರಯೋಗಾಲಯಕ್ಕೆ ಬಂದಳು. ನಾನು ಬಿಸಿ ಮಾಟೆ ಚಹಾ ಕೊಟ್ಟೆ. ಕುಡಿಯಲಿಲ್ಲ.

"ಅಕ್ಕಾ, ಆ ನಿನ್ನ ಔಷಧಿ ನಂಗೂ ಚುಚ್ಚು."

"ಅದು ಔಷಧಿ ಅಲ್ವೇ."

"ಏನೋ ಒಂದು. ಇಲೀಗೆ ಆಗತ್ತೆ, ನನ್ನ ಮಗೂಗೆ ಆಗಲ್ವಾ?"

ನಿಬಿಯಾ ಒಂದು ಹಾಳೆ ಎಳೆದುಕೊಂಡು ಚಿತ್ರ ಬರೆಯತೊಡಗಿದಳು. "ನೋಡು, ಇದೆಲ್ಲ ಐದನೇ ವಾರದಲ್ಲೇ ಶುರುವಾಗ್ಬೇಕಿತ್ತು. ಮೊಗ್ಗು ಬರ್ಲಿಲ್ಲ. ಈಗ ಎಷ್ಟು ಸುರಿದ್ರೂ ಬೆಳೆಯೋಕೆ ಅಲ್ಲಿ ಏನೂ ಉಳಿದಿಲ್ಲ."

"ಆಗ ನಾನು ಬಸಿರಿ ಅಂತಾನೇ ನಂಗೆ ಗೊತ್ತಿರ್ಲಿಲ್ಲ." ಲೂರ್ದೆಸ್ ಎದ್ದು ಹೊರಟಳು. "ಪಾಠ ಕೇಳೋಕೆ ಬರ್ಲಿಲ್ಲ ಕಣಕ್ಕ ನಾನು."

"ಹಿಂದೇನೇ ಹೋಗೇ," ಎಂದೆ ನಿಬಿಯಾಳಿಗೆ.

"ಅವಳಿಗೆ ಸ್ವಲ್ಪ ಸಮಾಧಾನ ಆಗ್ಲಿ. ನಾಳೆ ಹೋಗ್ತೀನಿ."

ಮರುದಿನ ಹೋದಾಗ ಲೂರ್ದೆಸ್ ಬಾಗಿಲು ತೆಗೆಯಲಿಲ್ಲ. ಆಮೇಲೂ ತೆಗೆಯಲಿಲ್ಲ. ಬೇಡವೆಂದರೆ ಬಸಿರು ತೆಗೆಸಬಹುದಿತ್ತು, ಅವಳು ದಿನ ತುಂಬುವವರೆಗೂ ಹೊತ್ತಳು. ಹೆಣ್ಣುಮಗು ಹುಟ್ಟಿ, ಉಸಿರಿಗೆ ಒದ್ದಾಡಿ, ಮಧ್ಯಾಹ್ನದೊಳಗೆ ಹೋಯಿತು. ಮಣ್ಣು ಮಾಡಿದ ಮೇಲಷ್ಟೇ ಲೂರ್ದೆಸಳ ಗಂಡ ನಿಬಿಯಾಳಿಗೆ ಫೋನ್ ಮಾಡಿದ್ದು. "ಬೆರಳು ನಿಮ್ಮ ಥರಾನೇ, ಉದ್ದ ಇತ್ತು," ಎಂದರಂತೆ.

ಈಗ ಅಕ್ಕತಂಗಿ ಮಾತಾಡುತ್ತಾರೆ. ಭಾನುವಾರ ಒಟ್ಟಿಗೆ ಮಾಂಸ ಸುಟ್ಟು ಉಣ್ಣುತ್ತಾರೆ. ಊಟದ ನಡುವೆ ಯಾರಾದರೂ ನಿಬಿಯಾಳ ಕೆಲಸದ ಬಗ್ಗೆ ಕೇಳಿದರೆ "ಇಲಿ ಸಾಕ್ತೀನಿ" ಎಂದು ಮಾತು ಮರೆಸುತ್ತಾಳೆ.

ಒಮ್ಮೆ ಪ್ರಯೋಗಾಲಯದಲ್ಲಿ ಗಾಜಿನ ತಟ್ಟೆಗಳನ್ನು ತೊಳೆಯುತ್ತ ಅವಳಾಗಿಯೇ ನನಗೆ ಅಂದಳು: "ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರ್ಲಿಲ್ಲ ಕಣೇ. ಆದ್ರೆ ಅವಳ ಹೊಟ್ಟೆ ಮೇಲೆ ಒಂದ್ಸಲ ಕೈ ಇಡ್ಬೋದಿತ್ತು. ಆವತ್ತು ಇಲ್ಲಿ ಕೂತಿದ್ದಾಗ ಮಗು ಮಿಸುಕ್ತಿತ್ತಂತೆ."