ಕಂಬಳಿ ಮೇಲೆ ಆಡಿದ ಮಾತು

ಚಿಕ್ಕ ಮಕ್ಕಳನ್ನು ಕಂಡ ಕೂಡಲೇ ಗಲ್ಲ ಹಿಂಡಿ "ದೊಡ್ಡಾಕಿ ಆದ ಮ್ಯಾಲ ಏನಾಗ್ತಿ?" ಎಂದು ಕೇಳುವವರನ್ನು ನೋಡಿದರೆ ನಾನು ಈಗಲೂ ಎದ್ದು ಆಚೆ ಹೋಗುತ್ತೇನೆ. ಕೇಳುವವರಿಗೆ ಉತ್ತರ ಬೇಕಿರುವುದಿಲ್ಲ. ಮಗು ಏನೇ ಹೇಳಲಿ, ಅವರ ಕಿವಿಗೆ ಬೀಳುವುದು ಅವರಿಗೆ ಬೇಕಾದದ್ದೇ. ನನ್ನನ್ನು ಹಾಗೆ ಕೇಳಿದ್ದು ಒಬ್ಬಿಬ್ಬರಲ್ಲ, ಇಡೀ ಹಟ್ಟಿ. ಅದೂ ದೇವರ ಮುಂದೆ.

ನಮ್ಮೂರು ತಂಬ್ರಹಳ್ಳಿ. ಕುರಿ ಕಾಯುವ ಮನೆತನ. ಅಪ್ಪ ಮೈಲಪ್ಪ ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಮಾಗಳದ ಹೊಳೆದಂಡೆಯವರೆಗೂ ಹೋಗಿ, ಮಳೆ ಹಿಡಿದ ಮೇಲೆ ತಿರುಗಿ ಬರುತ್ತಿದ್ದ. ಕುರಿ ಮನೆ ಸೇರಿದ ಭಾನುವಾರ ನಮ್ಮಲ್ಲಿ ಕಂಬಳಿ ಗದ್ದಿಗೆ ಹಾಕುತ್ತಾರೆ. ಕರಿ ಕಂಬಳಿ ಹಾಸಿ, ಅದರ ಮೇಲೆ ಅರಿಸಿನದ ಭಂಡಾರ ಚೆಲ್ಲಿ ದೇವರನ್ನು ಕರೆಯುವುದು. ಆ ಭಂಡಾರ ಮುಟ್ಟಿ ಆಡಿದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಬೇರೆಯವರಿಗೆ ಗಾದೆ, ನಮಗೆ ಕಾನೂನು. ತಪ್ಪಿ ನಡೆದರೆ ಕುರಿಗೆ ಕೇಡು ಎಂದು ಅಪ್ಪ ಇವತ್ತಿಗೂ ನಂಬಿದ್ದಾನೆ.

ಆಗ ನಾನು ಎರಡನೇ ಕ್ಲಾಸು. ಗದ್ದಿಗೆಯ ದಿನವೇ ಬೆಳಿಗ್ಗೆ ಪಾಲಾಕ್ಷಪ್ಪ ನಮ್ಮ ಹಟ್ಟಿಗೆ ಬಂದಿದ್ದರು. ಅವರು ದನದ ದವಾಖಾನೆಯ ಇನ್‌ಸ್ಪೆಕ್ಟರು, ಪದವಿ ಪಡೆದ ಡಾಕ್ಟರೇನಲ್ಲ. ಆದರೆ ನಮ್ಮ ಹಟ್ಟಿಯಲ್ಲಿ 'ಡಾಕ್ಟ್ರು' ಎಂದರೆ ಅವರೊಬ್ಬರೇ. ಮನುಷ್ಯರಿಗೆ ಜ್ವರ ಬಂದರೆ ಅಂಗಡಿಯ ಗುಳಿಗೆ ನುಂಗುತ್ತಿದ್ದೆವು, ಕುರಿಗೆ ಬಂದರೆ ಡಾಕ್ಟ್ರಿಗೆ ಹೇಳಿ ಕಳಿಸುತ್ತಿದ್ದೆವು. ಅವರ ಟಿವಿಎಸ್ ಗಾಡಿಯ ಸದ್ದು ಕೇಳಿದರೆ ಸಾಕು, ಅಪ್ಪ ಎದ್ದು ನಿಂತು ತಲೆಯ ಪಟಕ ಸರಿಮಾಡಿಕೊಳ್ಳುತ್ತಿದ್ದ. ಒಂದೊಂದೇ ಕುರಿಯ ಬಾಯಿ ಅಗಲಿಸಿ ಹಿಡಿದು, "ಡಾಕ್ಟ್ರ, ಇದಕ್ಕೊಂದೀಟು ನೋಡ್ರಿ" ಎನ್ನುತ್ತಿದ್ದ. ಅಪ್ಪ ಅಷ್ಟು ಮೆತ್ತಗೆ ಇನ್ಯಾರೊಡನೆಯೂ ಮಾತಾಡಿದ್ದನ್ನು ನಾನು ಕಂಡಿಲ್ಲ. ನಾನು ಔಷಧಿಯ ಬಾಟಲಿ ಹಿಡಿದುಕೊಂಡು ಅವರ ಹಿಂದೆಯೇ ತಿರುಗುತ್ತಿದ್ದೆ.

ಅವತ್ತು ಮಧ್ಯಾಹ್ನ ಗದ್ದಿಗೆ ಹಾಕುವ ಹಿರಿಯ ಗುರುಸಂಗಪ್ಪ ತಾತ ನನ್ನ ಹಣೆಗೆ ಭಂಡಾರ ಹಚ್ಚಿ, ನನ್ನ ಕೈಯನ್ನು ಕಂಬಳಿಯ ಮೇಲಿಟ್ಟು, "ದೊಡ್ಡಾಕಿ ಆದ ಮ್ಯಾಲ ಏನಾಗ್ತೀ ರೇಣುಕಾ? ದೇವ್ರಿಗೆ ಹೇಳು" ಎಂದ. ನಾನು "ಡಾಕ್ಟ್ರು ಆಗ್ತೀನಿ" ಎಂದೆ.

ಹಟ್ಟಿಯೇ ಹೋ ಎಂದಿತು. ಅಪ್ಪನ ಕಣ್ಣಲ್ಲಿ ನೀರು. ಅವತ್ತೇ ಸಂಜೆ ಬಸ್ ಸ್ಟ್ಯಾಂಡಿನವರೆಗೂ ಹೋಗಿ ಸಿಕ್ಕವರಿಗೆಲ್ಲ ಹೇಳಿ ಬಂದ. ಮರುದಿನದಿಂದ ಊರಿಗೆಲ್ಲ ನಾನು ಡಾಕ್ಟರಮ್ಮ. ಕೊರಳಿಗೆ ಸ್ಟೆತಸ್ಕೋಪು ಹಾಕಿಕೊಂಡು, ಬಿಳಿ ಕೋಟು ತೊಟ್ಟು, ಮನುಷ್ಯರ ಎದೆ ಮುಟ್ಟಿ ನೋಡುವ ಡಾಕ್ಟರಮ್ಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ನನ್ನ ಬಾಳಿಗೆ ಬರೆ ಬಿದ್ದದ್ದು ಹೀಗೆ.

ಎಂಟನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಅವ್ವನಿಗೆ ಹೇಳಿದ್ದೆ, ನಾನು ಅಂದದ್ದು ಪಾಲಾಕ್ಷಪ್ಪನವರಂಥ ಡಾಕ್ಟ್ರು ಎಂದು. ನಮ್ಮವ್ವ ಈರಕ್ಕ ರೊಟ್ಟಿ ತಟ್ಟುವುದನ್ನು ನಿಲ್ಲಿಸಲೂ ಇಲ್ಲ.

"ನಿಮ್ಮಪ್ಪನ ಮುಂದ ಹಂಗನಬ್ಯಾಡ. ಊರ ತುಂಬ ಅಂದು ಬಂದಾನ" ಎಂದಳು.

ಪಿಯುಸಿಯಲ್ಲಿ ಸೈನ್ಸ್ ಕೊಡಿಸಿದರು. ನೀಟ್ ಬರೆಸಿದರು. ಬಂದ ಅಂಕ ನೋಡಿ ಟ್ಯೂಷನ್ನಿನ ಮೇಷ್ಟ್ರೇ ನಕ್ಕರು. ಕೊನೆಗೆ ನರ್ಸಿಂಗ್. "ಡಾಕ್ಟ್ರ ಪಕ್ಕದಾಗ ನಿಂತಾಕಿ ಅರ್ಧ ಡಾಕ್ಟ್ರು ಇದ್ದಂಗ. ದೇವರು ಅಷ್ಟಕ್ಕ ಒಪ್ಪಿಕೊಂತಾನ" ಎಂದು ಅಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. ನನ್ನನ್ನು ಯಾರೂ ಕೇಳಲಿಲ್ಲ. ಹಗರಿಬೊಮ್ಮನಹಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತು.

ಆ ಜಾಗದ ಬಗ್ಗೆ ಏನು ಹೇಳಲಿ. ಕೈ ತೊಳೆಯುವ ಬೇಸಿನ್ನಿನಲ್ಲಿ ಗುಟ್ಕಾ ಉಗುಳು. ಮಂಚದ ಕೆಳಗೆ ಕೋಳಿಯ ಮೂಳೆ. ರೋಗಿಗೆ ವಾಂತಿ, ನೋಡಲು ಬಂದವರಿಗೆ ಬಿರಿಯಾನಿ. ರಕ್ತ, ಕೀವು, ಹೇಲು ನನಗೆ ಹೇಸಿಗೆಯಲ್ಲ. ಕುರಿ ಹಟ್ಟಿಯಲ್ಲಿ ಹುಟ್ಟಿದವಳಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ನನಗೆ ಹೇಸಿಗೆ ಬರುತ್ತಿದ್ದದ್ದು ಗ್ಲೂಕೋಸ್ ಬಾಟಲಿಗೆ. ಅಲ್ಲಿ ಎಲ್ಲದಕ್ಕೂ ಬಾಟಲಿಯೇ. ತಲೆನೋವಿಗೆ ಬಾಟಲಿ, ಸುಸ್ತಿಗೆ ಬಾಟಲಿ, ಸೊಸೆಯ ಮೇಲಿನ ಸಿಟ್ಟಿಗೂ ಬಾಟಲಿ.

ಒಂದು ದಿನ ಕೊಟ್ಟೂರು ಕಡೆಯ ಒಬ್ಬ ಅಜ್ಜಿಯನ್ನು ಕರೆತಂದರು. ಅಜ್ಜಿಗೆ ಏನೂ ಆಗಿರಲಿಲ್ಲ. ಮಕ್ಕಳ ಜಗಳಕ್ಕೆ ಬೇಸತ್ತು ಊಟ ಬಿಟ್ಟಿತ್ತು. ನಾನು ತಲೆದಿಂಬು ಸರಿಮಾಡಿ, ಒಂದು ಲೋಟ ಗಂಜಿ ಕುಡಿಸಿದೆ. ಅಜ್ಜಿ ಗೆಲುವಾಯಿತು. ಅಷ್ಟರಲ್ಲಿ ಅಳಿಯ ಬಂದು ಮೂಗು ಮುರಿದ.

"ಬಾಟ್ಲಿ ಏರಸ್ಲಿಲ್ಲಂದ್ರ ಇದ್ಯಾವ ದವಾಖಾನಿ ರೀ? ನಾಳೆ ಮಂದಿ ನಮಗೇನಂತಾರ?"

ಡಾಕ್ಟರು ನನ್ನ ಕಡೆ ತಿರುಗಿ, "ಹಾಕಮ್ಮ, ಅವರಿಗೂ ಸಮಾಧಾನ ಆಗ್ಲಿ" ಎಂದರು. ಬೇಡವೆಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಆ ಒಣಗಿದ ಕೈಯಲ್ಲಿ ನರ ಸಿಗದೆ ಮತ್ತೆ ಮತ್ತೆ ಚುಚ್ಚಿದೆ. ಅಜ್ಜಿ ನೋವಿಗೆ ಮುಖ ಕಿವುಚಿಕೊಂಡಿತು. ಅಳಿಯ ಪಕ್ಕದಲ್ಲಿ ನಿಂತು ಅದನ್ನೇ ಮೊಬೈಲಿನಲ್ಲಿ ಹಿಡಿದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. 'ಅತ್ತೆಯವರು ಬೇಗ ಗುಣಮುಖರಾಗಲಿ' ಎಂದು ಕೆಳಗೆ ಕೈ ಮುಗಿದ ಚಿತ್ರ ಬೇರೆ. ನಾನು ಹಿಂದಿನ ಬಾಗಿಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಅಷ್ಟು ವರ್ಷದಲ್ಲಿ ಅಲ್ಲಿ ನಾನು ವಾಂತಿ ಮಾಡಿಕೊಂಡದ್ದು ಅದೊಂದೇ ಸಲ.

ಊರಿಗೆ ಹೋದಾಗ ಅಪ್ಪನ ಒಂದು ಅಭ್ಯಾಸ ನನ್ನ ಜೀವ ಹಿಂಡುತ್ತಿತ್ತು. ನನ್ನ ಕೈಯನ್ನು ಮೂಗಿನ ಹತ್ತಿರ ಹಿಡಿದು, ಡೆಟಾಲಿನ ವಾಸನೆಯನ್ನು ಹೂವಿನಂತೆ ಮೂಸಿ, "ಡಾಕ್ಟ್ರ ವಾಸನಿ" ಎನ್ನುತ್ತಿದ್ದ. ಕುಳಿತವರಿಗೂ ಮೂಸಿಸುತ್ತಿದ್ದ. ಆ ಕೈ ಹಿಂದಿನ ದಿನ ಯಾರಿಗೆ ಏನು ಸುಳ್ಳು ಚುಚ್ಚಿ ಬಂದಿದೆ ಎಂದು ನನಗೆ ಗೊತ್ತಿರುತ್ತಿತ್ತಲ್ಲ, ಮೈಯೆಲ್ಲ ಮುಳ್ಳೇಳುತ್ತಿತ್ತು.

ಹೋದ ಮಳೆಗಾಲದಲ್ಲಿ ರಜೆಯ ಮೇಲೆ ಬಂದಾಗ ಕುರಿಗಳಿಗೆ ಜಂತಿನ ಔಷಧಿ ಹಾಕುವುದಿತ್ತು. ಪಾಲಾಕ್ಷಪ್ಪ ರಿಟೈರಾಗಿ ಹರಪನಹಳ್ಳಿ ಸೇರಿದ್ದರು. ಅವರ ಜಾಗಕ್ಕೆ ಬಂದವರು ಸುತ್ತಲ ಊರುಗಳಿಗೆಲ್ಲ ಒಬ್ಬರೇ. ಅಪ್ಪ ಹೊಲಕ್ಕೆ ಹೋಗಿದ್ದ. ನಾನೇ ಸೀರೆ ಸೆರಗು ಕಟ್ಟಿ ನಿಂತೆ. ಕುರಿಯನ್ನು ತೊಡೆಯ ನಡುವೆ ಅಮುಕಿ, ಬಾಯಿಯ ಮಗ್ಗುಲಲ್ಲಿ ಬೆರಳು ತೂರಿಸಿ, ನಾಲಿಗೆಯ ಹಿಂದಕ್ಕೆ ಔಷಧಿ ಬಿಟ್ಟು, ಗುಟುಕು ಇಳಿಯುವ ತನಕ ಕಾಯಬೇಕು. ಅವಸರ ಮಾಡಿದರೆ ಔಷಧಿ ಶ್ವಾಸಕೋಶಕ್ಕೆ ಹೋಗುತ್ತದೆ. ಕುರಿ ಒದೆಯಿತು, ಉಗುಳಿತು, ಮೈಮೇಲೆ ಉಚ್ಚೆ ಹೊಯ್ಯಿತು. ಒಂದರ ಗೊರಸು ಕೊಳೆತು ಹುಳು ಬಿದ್ದಿತ್ತು. ಕೂತು ಒಂದೊಂದೇ ಹುಳು ತೆಗೆದು ಮದ್ದು ಹಚ್ಚಿದೆ. ಯಾರಿಗೂ ಸ್ಟೇಟಸ್ ಬೇಕಿರಲಿಲ್ಲ. ಬೇಕಾದದ್ದು ಬೇಕು, ಬೇಡವಾದದ್ದು ಬೇಡ, ಕುರಿಗೆ ಗೊತ್ತಿರುವುದು ಅಷ್ಟೇ. ಅರ್ಧ ಹಿಂಡು ಮುಗಿದ ಮೇಲೆ ನನಗೆ ತಿಳಿಯಿತು, ನಾನು ಅಷ್ಟು ಹೊತ್ತಿನಿಂದ ಹಾಡು ಗುನುಗುತ್ತಿದ್ದೆ.

ಅಪ್ಪ ಬಂದು ನೋಡಿ ಮುಖ ಗಂಟಿಕ್ಕಿದ. "ಛೀ, ಕೈ ತೊಳಕೊ. ಡಾಕ್ಟ್ರ ಕೈ ಅವು. ಹೊಲಸು ಮಾಡ್ಕಂತೀಯೇನು?"

ಹೊಲಸು ಎಲ್ಲಿದೆ ಎಂದು ಇವನಿಗೆ ಹೇಗೆ ಹೇಳುವುದು.

ಅದೇ ವಾರ ಅವ್ವನ ಮಹಿಳಾ ಸಂಘದ ಸುಮಲತಾ ಮನೆಗೆ ಬಂದಳು. ಊರಿಗೊಬ್ಬಳು ಪಶು ಸಖಿ ಬೇಕಂತೆ. ಕುರಿ ದನಗಳಿಗೆ ಜಂತಿನ ಔಷಧಿ ಹಾಕುವುದು, ಗಾಯ ತೊಳೆಯುವುದು, ಲಸಿಕೆಯ ದಿನ ಡಾಕ್ಟರ ಜೊತೆ ತಿರುಗುವುದು. ಹಡಗಲಿಯಲ್ಲಿ ತರಬೇತಿ. ಆದರೆ ಊರಲ್ಲೇ ಇರುವವಳಾಗಬೇಕು, ಬೇರೆ ನೌಕರಿ ಇರಬಾರದು. ನಾನು ಅಲ್ಲಿಯೇ ಹೂಂ ಎಂದುಬಿಟ್ಟೆ.

ಅಪ್ಪ ಉಣ್ಣುವ ಗಂಗಾಳ ಸರಿಸಿ ಎದ್ದ. "ಬಿಳಿ ಅರಿವಿ ನೌಕರಿ ಬಿಟ್ಟು ಕುರಿ ಕುಂಡಿ ತೊಳಿಯಾಕ ಹೋಗ್ತಾಳಂತ. ಮಂದಿ ಏನಾರ ಅಂದ್ಕೊಳ್ಳಿ, ನನಗ ಮಂದಿದು ಚಿಂತಿಲ್ಲ. ಕಂಬಳಿ ಮ್ಯಾಲ ಮಾತು ಕೊಟ್ಟೀದಿ. ಮುರಿದ್ರ ಹಿಂಡಿಗೆ ಕೇಡು. ಆ ಕುರಿ ಒಂದೊಂದಾಗಿ ಬೀಳೂದು ನೋಡ್ಕಂತ ಔಷಧ ಹಾಕ್ತಿಯೇನು?"

ಅವನು ಹೆದರಿಸಲು ಹೇಳಿದ್ದಲ್ಲ. ಅವನೇ ಹೆದರಿದ್ದ. ಎದ್ದವನು ನೇರ ಕುರಿಗಳ ಹತ್ತಿರ ಹೋಗಿ ಒಂದೊಂದನ್ನೇ ಎಣಿಸಿದ. ಸಿಟ್ಟಿನವರನ್ನು ಎದುರಿಸಬಹುದು, ಹೆದರಿದವರನ್ನು ಏನು ಮಾಡುವುದು? ಕೊನೆಗೆ ಅವ್ವನೇ ದಾರಿ ತೆಗೆದಳು: ಗದ್ದಿಗೆ ಹಾಕಿಸಿ, ತಪ್ಪುಗಾಯಿ ಒಡೆಸಿ, ಕೊಟ್ಟ ಮಾತಿನಿಂದ ಬಿಡಿಸಿಕೊಳ್ಳಲಿ. ತಪ್ಪುಗಾಯಿ ಒಡೆದವಳು ತಪ್ಪಿದವಳು ಎಂದು ಹಟ್ಟಿ ಸಾಯುವ ತನಕ ಆಡಿಕೊಳ್ಳುತ್ತದೆ. ಆದರೂ ಅಪ್ಪ ಒಪ್ಪಿದ, ಕುರಿಗಳ ಸಲುವಾಗಿ.

ಭಾನುವಾರ ಅದೇ ಕರಿ ಕಂಬಳಿ, ಅದೇ ಗುರುಸಂಗಪ್ಪ ತಾತ. ಕಣ್ಣು ಮಂಜಾಗಿದ್ದರೂ ದನಿ ಮಾತ್ರ ಗಟ್ಟಿ. ಹಟ್ಟಿಯವರು ಸುತ್ತ ಕೂತಿದ್ದರು. ಮಂದಿಗೆ ಒಬ್ಬರು ತಪ್ಪೊಪ್ಪುವುದನ್ನು ನೋಡುವಷ್ಟು ರುಚಿ ಇನ್ಯಾವುದರಲ್ಲೂ ಇಲ್ಲ, ಅವರ ಮುಖ ನೋಡಲೂ ನನಗೆ ಅಸಹ್ಯವಾಯಿತು. ನನ್ನ ಮಡಿಲಲ್ಲಿ ತೆಂಗಿನಕಾಯಿ.

"ಬಿಡಿಸ್ಕೊಳ್ಳೂಕಿಂತ ಮೊದಲು, ಅವತ್ತು ಏನಂದಿದ್ದಿ ಅದನ್ನ ಅನ್ನಬೇಕು. ಅದು ಪದ್ಧತಿ" ಎಂದ ತಾತ.

ನಾನು ಭಂಡಾರ ಮುಟ್ಟಿದೆ. "ಡಾಕ್ಟ್ರು ಆಗ್ತೀನಿ ಅಂದಿದ್ದೆ."

"ಈಗ ಬಿಡಿಸ್ಕೊಂತೀ?"

ಆ ಮಾತು ನನ್ನ ಬಾಯಿಂದ ಹೊರಟಾಗಲೇ ನನಗೆ ಹೊಳೆದಿತ್ತು. ಇದರಲ್ಲಿ ಬಿಡಿಸಿಕೊಳ್ಳುವುದು ಏನಿದೆ?

"ಇಲ್ಲ ತಾತ. ನಡಸ್ತೀನಿ."

ಅಪ್ಪನ ಮುಖ ಅರಳಿತು. ಥೇಟ್ ಅವತ್ತಿನ ಹಾಗೆಯೇ, ಕಣ್ಣಲ್ಲಿ ನೀರು ಬೇರೆ. ಎದ್ದು ನಿಂತು ಸುತ್ತಲಿನವರ ಕಡೆ ನೋಡಿದ. ಮತ್ತೆ ತನಗೆ ಬೇಕಾದದ್ದನ್ನೇ ಕೇಳಿಸಿಕೊಂಡಿದ್ದ. ನನಗೆ ತಡೆಯಲಾಗಲಿಲ್ಲ.

"ಅಪ್ಪ, ಕುಂದ್ರು. ಯಾವ ಡಾಕ್ಟ್ರು ಅಂತ ಕೇಳು. ಅವತ್ತೂ ಕೇಳಲಿಲ್ಲ, ಇವತ್ತಾದ್ರೂ ಕೇಳು."

ಅವನು ಕೇಳಲಿಲ್ಲ. ತಾತ ಕೇಳಿದ.

"ಪಾಲಾಕ್ಷಪ್ಪ" ಎಂದೆ. "ನಾ ಬ್ಯಾರೆ ಡಾಕ್ಟ್ರನ್ನ ಕಂಡಿದ್ದೆನೇನು? ಅವತ್ತು ಬೆಳಿಗ್ಗಿ ಅವರ ಬಾಟ್ಲಿ ನಾನ ಹಿಡಕೊಂಡಿದ್ದೆ. ನಾ ಅಂದಿದ್ದು ಅವರನ್ನ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಅವ್ವ ತಲೆ ಎತ್ತದೆ, "ಎಂಟನೇ ಕ್ಲಾಸಿನ್ಯಾಗ ನನ್ನ ಮುಂದ ಹೇಳಿದ್ಲು. ಅನಬ್ಯಾಡ ಅಂದಾಕಿ ನಾನ" ಎಂದಳು.

ತಾತ ಅಪ್ಪನ ಕಡೆ ತಿರುಗಿದ. "ಮೈಲಪ್ಪ, ಆಗ ನಮ್ಮ ಹಟ್ಟಿಗೆ ಬ್ಯಾರೆ ಯಾವ ಡಾಕ್ಟ್ರು ಬರ್ತಿದ್ರು?"

"ಯಾರೂ ಇಲ್ಲ" ಎಂದ ಅಪ್ಪ.

"ಹಂಗಾರ ದೇವರಿಗೆ ಸರಿಯಾಗಿ ತಿಳಿದೈತಿ. ಮಾತು ಕೊಟ್ಟಾಕಿ ಆಕಿ, ತಿರುವಿದಾಂವ ನೀನು. ಕಾಯಿ ನೀನ ಒಡಿ."

ನನ್ನ ಮಡಿಲಿನ ಕಾಯಿ ತೆಗೆದು ಅಪ್ಪನ ಕೈಗಿಟ್ಟರು. ಅವನು ಒಡೆದ. ಒಂದೇ ಏಟಿಗೆ ಒಡೆಯಲಿಲ್ಲ. ನೀರು ಅವನ ಧೋತ್ರದ ಮೇಲೆಲ್ಲ ಚೆಲ್ಲಿತು. ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ. ಒಂದು ಹುಡುಗಿಯ ಒಂದು ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲು ಮನೆಯವರಿಗೆ ದೇವರನ್ನೇ ಕರೆಸಬೇಕಾಯಿತಲ್ಲ ಎಂದು ಹೇಸಿಗೆಯಾಯಿತು. ನರ್ಸಿಂಗ್ ಹೋಮಿನಲ್ಲಿ ಕಳೆದ ವರ್ಷಗಳನ್ನು ಯಾವ ಕಾಯಿ ಒಡೆದರೂ ಯಾರೂ ತಿರುಗಿ ಕೊಡುವುದಿಲ್ಲ.

ಹಡಗಲಿಯ ತರಬೇತಿ ಮುಗಿಸಿ ಬಂದ ಮೇಲೆ ಮೊದಲು ನಮ್ಮ ಹಟ್ಟಿಯಿಂದಲೇ ಶುರು ಮಾಡಿದೆ. ಅಪ್ಪ ದೂರದಲ್ಲಿ ಕಲ್ಲಿನ ಮೇಲೆ ಕೂತು ನೋಡುತ್ತಿದ್ದ. ಗದ್ದಿಗೆಯ ದಿನದಿಂದ ನನ್ನೊಡನೆ ಮಾತು ಕಡಿಮೆಯಾಗಿತ್ತು. ನಾನೂ ಮಾತಾಡಿಸಲು ಹೋಗಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಬಂದು, ಹಳೆಯ ಅಭ್ಯಾಸಕ್ಕೆ ನನ್ನ ಕೈ ಹಿಡಿದು ಮೂಗಿನ ಹತ್ತಿರ ಒಯ್ದ. ಕುರಿಯ ಜೊಲ್ಲು, ಉಚ್ಚೆ, ಕೊಳೆತ ಗೊರಸು. ಮುಖ ಸಿಂಡರಿಸಿ ಕೈ ಬಿಟ್ಟ. ಪಟಕ ಸರಿಮಾಡಿಕೊಂಡ, ಬಗ್ಗಿ ಒಂದು ಕುರಿಯನ್ನು ಎಳೆದು ತಂದು ಅದರ ಬಾಯಿ ಅಗಲಿಸಿ ಹಿಡಿದ. ನನ್ನ ಮುಖ ನೋಡದೆ, ಮೆತ್ತಗೆ ಹೇಳಿದ:

"ಡಾಕ್ಟ್ರ, ಇದಕ್ಕೊಂದೀಟು ನೋಡ್ರಿ."