ಕಾರಿನ ನೀರಿಗೆ ಬಂದ ಎಣ್ಣೆ

ಓಣಿಯ ಮೈಲಾರಪ್ಪನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಬಿಳಿ ಕಾರು ಮಲ್ಲಸಮುದ್ರದಿಂದ ಬೆಟಗೇರಿಯ ತನಕ ಬಂದಿತು. ಸ್ಟೇರಿಂಗ್ ಹಿಡಿದು ಕುಳಿತ ಕೊಟ್ರೇಶ ದಾರಿಯುದ್ದಕ್ಕೂ ಯಾರ ಮುಖವನ್ನೂ ನೋಡಲಿಲ್ಲ. ಪಕ್ಕದಲ್ಲಿದ್ದ ಅವನ ಹೆಂಡತಿ ಸುಶ್ಮಿತಾ ಎದುರಾದವರನ್ನೆಲ್ಲ ನೋಡಿದಳು, ಗುರುತಿನವರು ಕೈ ಎತ್ತಿದರೆ ತಾನೂ ಎತ್ತಿದಳು. ಕಾರನ್ನು ಗ್ಯಾರೇಜಿಗೆ ಒಯ್ಯಲೇಬೇಕೆಂದು ಹಟ ಹಿಡಿದವಳು ಅವಳೇ. ಕೊಟ್ರೇಶನಿಗೆ ಅದು ಬೇಕಿರಲಿಲ್ಲ. ಓಣಿಯವರೆಲ್ಲ ನೋಡಲೆಂದು ಅವನು ಅದನ್ನು ಬಾನೆಟ್ ತೆರೆದು ಮನೆಯ ಮುಂದೆ ನಿಲ್ಲಿಸಿಟ್ಟಿದ್ದ.

ಕಾರು ಮೊದಲು ಸುಶ್ಮಿತಾಳ ಅಣ್ಣ, ಶಿಗ್ಲಿಯ ಫಕೀರೇಶನದಾಗಿತ್ತು. ದೀಪಾವಳಿಯಲ್ಲಿ ಕೊಟ್ರೇಶ ತಾನಾಗಿಯೇ ಕೇಳಿ ಅದನ್ನು ಕೊಂಡಿದ್ದ. ಹೋದ ವಾರ ಬೀಜದ ವ್ಯಾಪಾರಕ್ಕೆ ಮುಂಡರಗಿಗೆ ಒಬ್ಬನೇ ಹೋಗಿ ತಿರುಗಿ ಬರುವಾಗ ಎಂಜಿನ್ ಕಾದು ಹೊಗೆಯಾಡಿತು. ನೀರು ಹಾಕಿ ಹೇಗೋ ಮನೆ ಮುಟ್ಟಿಸಿದ. ಮರುದಿನ ನೀರಿನ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆಲ್ಲ ಕೆನೆಗಟ್ಟಿದ ಜಿಡ್ಡು. ಅದರ ಫೋಟೋ ತೆಗೆದು ಬೆಟಗೇರಿಯ ಮೆಕ್ಯಾನಿಕ್ ನವಾಜನಿಗೆ ಕಳಿಸಿದ. ಹೆಡ್ ಗ್ಯಾಸ್ಕೆಟ್ ಹೋದಂತೆ ಕಾಣುತ್ತದೆ ಎಂದು ಅವನ ಉತ್ತರ ಬಂತು. ಎಂಜಿನ್ನಿನೊಳಗೆ ಎಣ್ಣೆಯ ದಾರಿಯೂ ನೀರಿನ ದಾರಿಯೂ ಕೂಡದಂತೆ ನಡುವೆ ಕೂರಿಸಿದ ತೆಳು ತಗಡು ಅದು. ಅದು ಹೋದರೆ ಎಂಜಿನ್ ಪೂರ್ತಿ ಬಿಚ್ಚಬೇಕು.

ಕೊಟ್ರೇಶನಿಗೆ ಅಷ್ಟು ಸಾಕಾಗಿತ್ತು. ಜಗುಲಿಯ ಮೇಲೆ ನಿಂತು, ಸ್ಪೀಕರ್ ಹಚ್ಚಿ ಫಕೀರೇಶನಿಗೆ ಫೋನ್ ಮಾಡಿದ. ಒಡೆದ ಎಂಜಿನ್ನನ್ನು ತಿಳಿದೂ ತಿಳಿದೂ ತನ್ನ ತಲೆಗೆ ಕಟ್ಟಿದನೆಂದು ಕೂಗಾಡಿದ. ಮೊದಲು ಯಾರಿಗಾದರೂ ತೋರಿಸು ಎಂದು ಫಕೀರೇಶ ಅನ್ನುತ್ತಲೇ ಇದ್ದ. ಆಗ ಕೊಟ್ರೇಶ ಆ ಮಾತು ಆಡಿದ.

"ನಿಮ್ಮ ಮನಿಯಿಂದ ಬಂದದ್ದು ಯಾವುದೂ ನೆಟ್ಟಗಿಲ್ಲ."

ಸುಶ್ಮಿತಾ ಕೈಗೆ ರೊಟ್ಟಿ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಅನ್ನಪೂರ್ಣವ್ವ ಒಮ್ಮೆ ಸೊಸೆಯ ಕಡೆ ನೋಡಿ, ಸೊಪ್ಪು ಸೋಸುವುದಕ್ಕೆ ತಲೆ ತಗ್ಗಿಸಿದಳು. ಎದುರು ಮನೆಯ ಕಟ್ಟೆಯ ಮೇಲಿದ್ದವರು ಇತ್ತ ತಿರುಗಿದರು. ಫಕೀರೇಶ ಫೋನ್ ಇಟ್ಟುಬಿಟ್ಟ. ಅವನು ಬಂದು ಕಾರು ತಿರುಗಿ ಒಯ್ಯುವ ತನಕ ಪಂಚಮಿಯೂ ಇಲ್ಲ, ತವರೂ ಇಲ್ಲ ಎಂದು ಕೊಟ್ರೇಶ ಹೆಂಡತಿಗೆ ಹೇಳಿದ. ಪ್ರತಿ ವರ್ಷ ಪಂಚಮಿಗೆ ಅವಳನ್ನು ಕರೆಯಲು ಬರುತ್ತಿದ್ದ ಅಣ್ಣನಿಂದ ಶ್ರಾವಣ ಹಿಡಿದರೂ ಫೋನ್ ಬರಲಿಲ್ಲ. ಅವಳು ಮಾಡಿದರೆ ಎತ್ತಲಿಲ್ಲ.

ನವಾಜನ ಗ್ಯಾರೇಜು ಎಂದರೆ ನಾಲ್ಕು ತಗಡು, ಒಂದು ಬೇವಿನ ಮರ. ಗೋಡೆಯ ಆಚೆ ಮಗ್ಗದ ಸದ್ದು. ಕಾರು ನಿಂತದ್ದೇ ಸುಶ್ಮಿತಾ ಇಳಿದು ನವಾಜನ ಎದುರಿಗೆ ನಿಂತಳು. ಫೋಟೋ ನೋಡಿ ರೋಗ ಹೇಳುವುದನ್ನು ಎಲ್ಲಿ ಕಲಿತೆ ಎಂದು ಕೇಳಿದಳು.

"ಅಕ್ಕಾರ, ಹೋದಂಗ ಕಾಣತೈತಿ ಅಂದಿದ್ನಿ. ಹೋಗೇತಿ ಅಂದಿಲ್ಲ."

"ಕಾಣೂದು ಸಾಕು. ಈಗ ಕೈ ಹಚ್ಚಿ ನೋಡು. ನಾ ಇಲ್ಲೇ ಕುಂಡ್ರತೀನಿ."

ನವಾಜ ಎಣ್ಣೆ ಅಳೆಯುವ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ತೆಗೆದ. ಎಣ್ಣೆ ಕಾಡಿಗೆಯಂತೆ ಕಪ್ಪಗಿತ್ತು, ಮೇಲಿನ ಗೆರೆಗೆ ಸರಿಯಾಗಿತ್ತು. ಎಣ್ಣೆ ಹಾಕುವ ಮುಚ್ಚಳದ ಒಳಬದಿಯಲ್ಲಿ ನೀರಿನ ಪಸೆಯಿಲ್ಲ. ಎಂಜಿನ್ ಚಾಲೂ ಮಾಡಿಸಿ, ನೀರಿನ ಡಬ್ಬಿಯ ಮುಚ್ಚಳ ತೆಗೆದು ಬಹಳ ಹೊತ್ತು ಬಗ್ಗಿ ನೋಡಿದ. ಗ್ಯಾಸ್ಕೆಟ್ ಹೋಗಿದ್ದರೆ ನೀರಿನಲ್ಲಿ ಗುಳ್ಳೆ ಏಳಬೇಕು, ಒಂದೂ ಏಳಲಿಲ್ಲ. ಅವನ ಹುಬ್ಬು ಗಂಟಾಯಿತು. ಎಂಜಿನ್ನಿನ ಎಣ್ಣೆ ಒಂದು ಹನಿಯೂ ಕಡಿಮೆಯಾಗಿಲ್ಲ, ಕಡಿಮೆಯಾಗದ ಎಣ್ಣೆ ನೀರಿಗೆ ಬಂದದ್ದು ಎಲ್ಲಿಂದ ಎಂದು ತನ್ನಷ್ಟಕ್ಕೆ ಗೊಣಗಿದ. ಬೆರಳಲ್ಲಿ ಕೆನೆ ಎತ್ತಿ ಬಿಸಿಲಿಗೆ ಹಿಡಿದ. ಡೀಸೆಲ್ ಗಾಡಿಯ ಎಣ್ಣೆ ಕೂಡಿದ್ದರೆ ಇದು ಕಂದಾಗಿರಬೇಕಿತ್ತು. ಇದು ತೆಳು ಹಳದಿ.

ಬೆಣ್ಣೆಯ ಹಾಗಿದೆ, ಕಪ್ಪು ಎಲ್ಲಿದೆ ಎಂದು ಸುಶ್ಮಿತಾ ಮೊದಲ ದಿನವೇ ಕೇಳಿದ್ದಳು. ನಿನಗೇನು ತಿಳಿಯುತ್ತದೆ, ಒಳಗೆ ನಡೆ ಎಂದಿದ್ದ ಗಂಡ.

ಈಗಲೂ ಕೊಟ್ರೇಶ ಬಿಡಲಿಲ್ಲ. ಸೋರುವುದನ್ನು ಮುಚ್ಚಲು ಫಕೀರೇಶನೇ ಅದರಲ್ಲಿ ಏನೋ ಸುರಿದು ಮಾರಿರಬೇಕು ಎಂದ. ದೀಪಾವಳಿಯಲ್ಲಿ ಸುರಿದದ್ದು ಶ್ರಾವಣದ ತನಕ ಅಡಗಿ ಕೂರುವುದಿಲ್ಲ ಎಂದ ನವಾಜ. ಕೊಟ್ರೇಶ ಮತ್ತೇನೋ ಹೇಳತೊಡಗಿದ. ಸುಶ್ಮಿತಾ ಅವನ ಮಾತು ಕೇಳಿಸಿಕೊಳ್ಳದೆ ಎದ್ದು, ಒಂದು ತಗಡಿನ ಮುಚ್ಚಳದಲ್ಲಿ ಆ ಜಿಡ್ಡು ಬಳಿದುಕೊಂಡು ಪಕ್ಕದ ಚಹಾದಂಗಡಿಯ ಒಲೆಯ ಮೇಲೆ ಇಟ್ಟಳು. ನೀರು ಚಟಪಟ ಸಿಡಿದು ಆರಿತು. ಆಮೇಲೆ ವಾಸನೆ ಎದ್ದಿತು. ದಿನಾ ಬೆಳಿಗ್ಗೆ ಒಗ್ಗರಣೆಗೆ ಇಡುವಾಗ ಅವಳ ಮೂಗಿಗೆ ಬರುವ ವಾಸನೆ ಅದು.

"ಕುಸುಬಿ ಎಣ್ಣಿ," ಎಂದಳು.

ಕೊಟ್ರೇಶ ನಕ್ಕ. ಕಾರಿಗೆ ಒಗ್ಗರಣೆ ಕೊಟ್ಟವರು ಯಾರು ಎಂದು ನವಾಜನ ಕಡೆ ನೋಡಿದ. ನವಾಜ ನಗಲಿಲ್ಲ.

"ಅವತ್ತು ನೀರು ಯಾವುದರಾಗ ತಂದು ಹಾಕಿದ್ರಿ?" ಸುಶ್ಮಿತಾ ಕೇಳಿದಳು.

ಡಿಕ್ಕಿಯಲ್ಲಿ ಒಂದು ಕ್ಯಾನು ಬಿದ್ದಿತ್ತು, ಹೋಟೆಲಿನ ನಳದಲ್ಲಿ ತುಂಬಿಕೊಂಡೆ ಎಂದ. ಅಂದದ್ದೇ ಅವನ ನಗು ಅರ್ಧಕ್ಕೆ ನಿಂತಿತು.

ಅವಳು ಡಿಕ್ಕಿ ತೆರೆದಳು. ಕ್ಯಾನು ಅಲ್ಲೇ ಇತ್ತು. ಫಕೀರೇಶ ತನ್ನ ಹೊಲದ ಕುಸುಬೆಯನ್ನು ಗಾಣಕ್ಕೆ ಹಾಕಿಸಿ ತಂಗಿಯ ಮನೆಗೆ ಎಣ್ಣೆ ಕಳಿಸುತ್ತಿದ್ದುದು ಅದರಲ್ಲೇ. ಗಾಣದ ಎಣ್ಣೆಯ ಗಸಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಬಗ್ಗಿಸಿಕೊಂಡು ಗಸಿಯನ್ನು ಯಾರೂ ಚೆಲ್ಲುವುದಿಲ್ಲ, ಬಾಗಿಲ ತಿರುಗಣಿಗೋ ಎತ್ತಿನ ಕೊಂಬಿಗೋ ಆಗುತ್ತದೆಂದು ಬಿಡುತ್ತಾರೆ. ಮತ್ತೆ ಎಣ್ಣೆ ತುಂಬುವ ಕ್ಯಾನನ್ನು ತೊಳೆಯುವುದೂ ಇಲ್ಲ. ಪಂಚಮಿಗೆ ಹೋದಾಗ ತುಂಬಿಸಿ ತರಲೆಂದು ಅವಳೇ ಅದನ್ನು ಡಿಕ್ಕಿಯಲ್ಲಿ ಇಟ್ಟಿದ್ದಳು. ಆಗ ತಳದಲ್ಲಿ ಒಂದು ಲೋಟದಷ್ಟು ಗಸಿ ಇತ್ತು. ಈಗ ಒಳಗೆಲ್ಲ ಅದೇ ತೆಳು ಹಳದಿ ಜಿಡ್ಡು ಅಂಟಿತ್ತು.

ನವಾಜ ಕೆಳಗೆ ತೂರಿ, ಸಡಿಲಾದ ಒಂದು ಪೈಪಿನ ಪಟ್ಟಿ ತೋರಿಸಿದ. ನೀರು ಸೋರಿ ಕಾದದ್ದು ಅದರಿಂದ. ಉಳಿದದ್ದನ್ನು ಸಾಬೂನು ನೀರಿನಿಂದ ಮತ್ತೆ ಮತ್ತೆ ತೊಳೆಯಬೇಕು, ಎಣ್ಣೆ ಕುಡಿದು ಉಬ್ಬಿದ ಪೈಪು ಬದಲಿಸಬೇಕು, ಕಾರು ನಾಳೆಯ ತನಕ ಇಲ್ಲೇ ಇರಲಿ ಎಂದ.

"ಆತು ಬಿಡು, ಎಂಜಿನ್ ಉಳೀತು," ಎಂದು ಕೊಟ್ರೇಶ ಉಸಿರು ಬಿಟ್ಟು ಎಲ್ಲರಿಗೂ ಚಹಾ ಹೇಳಿದ. ಅವನ ಮುಖದಲ್ಲಿ ಕಳೆ ಬಂದಿತ್ತು. ಅಣ್ಣನಿಗೆ ಫೋನ್ ಮಾಡಿ, ಸಣ್ಣದಿತ್ತು, ಸರಿಯಾಯಿತು ಎಂದು ಹೇಳೆಂದ. ಪಂಚಮಿಗೆ ಕರೆಯಲು ಬರಲಿ, ತನ್ನದೇನೂ ಅಡ್ಡಿಯಿಲ್ಲ ಎಂದೂ ಸೇರಿಸಿದ.

ಸುಶ್ಮಿತಾ ಚಹಾ ಮುಟ್ಟಲಿಲ್ಲ. ಇಷ್ಟು ದಿನದ ಸಿಟ್ಟು ಇವತ್ತು ತಣಿಯಬಹುದೆಂದು ಅವಳು ತಿಳಿದಿದ್ದಳು. ಅಡ್ಡಿಯಿಲ್ಲ ಎಂಬ ಮಾತಿಗೆ ಅದು ಇನ್ನೂ ಹೆಚ್ಚಾಯಿತು.

"ಬೈಯೂ ಮುಂದ ಸ್ಪೀಕರ್ ಹಚ್ಚಿದ್ರಿ. ಈಗ ನನ್ನ ಬಾಯಿಲೆ ಹೇಳಸ್ತೀರಿ?"

ಕೊಟ್ರೇಶ ಸುತ್ತ ನೋಡಿ, ಫೋನ್ ತೆಗೆದು ಹಚ್ಚಿದ. ರಿಂಗು ಪೂರ್ತಿ ಹೊಡೆದುಕೊಂಡು ನಿಂತಿತು. ನೋಡು, ಎತ್ತವಲ್ಲ, ನಿಮ್ಮಣ್ಣನಿಗೂ ಸೊಕ್ಕು ಕಡಿಮೆಯಿಲ್ಲ ಎಂದ.

"ಹಂಗಾರ ಶಿಗ್ಲಿಗೆ ನಡೀರಿ. ಅವನ ಕಟ್ಟಿ ಮ್ಯಾಲ ನಿಂತು, ಎಣ್ಣಿ ನಾನ ಹಾಕಿದ್ನಿ ಅನ್ರಿ. ನೆಟ್ಟಗಿಲ್ಲ ಅಂತ ಯಾರಿಗೆ ಅಂದ್ರಿ, ಅದನ್ನೂ ಹೇಳ್ರಿ."

"ಬಸ್ಸಿನ್ಯಾಗ?" ಎಂದ ಕೊಟ್ರೇಶ.

ಅವಳು ಕ್ಯಾನು ಎತ್ತಿಕೊಂಡು ಆಟೋ ನಿಲ್ಲಿಸಿದಳು. ಅವನೂ ಹತ್ತಿದ. ಗದಗಿನ ಬಸ್‌ಸ್ಟ್ಯಾಂಡು ಬರುವ ತನಕ, ಮನೆಗೆ ಹೋಗೋಣ, ಅವ್ವನನ್ನು ಕೇಳೋಣ, ನಾಳೆ ಕಾರಿನಲ್ಲೇ ಹೋಗೋಣ ಎಂದು ಬಿಡದೆ ಹೇಳಿದ.

ಲಕ್ಷ್ಮೇಶ್ವರದ ಮೇಲೆ ಶಿಗ್ಲಿಗೆ ಹೋಗುವ ಬಸ್ಸು ತುಂಬುತ್ತಿತ್ತು. ಸುಶ್ಮಿತಾ ನುಗ್ಗಿ ಹತ್ತಿ ಕಿಟಕಿಯ ಬದಿ ಕುಳಿತಳು. ಪಕ್ಕದ ಸೀಟಿನ ಮೇಲೆ, ಜನ ಟವೆಲ್ ಹಾಕುವ ಹಾಗೆ, ಜಿಡ್ಡಿನ ಕ್ಯಾನು ಇಟ್ಟಳು. ಕೊಟ್ರೇಶ ಕೆಳಗೆ ನೀರಿನ ಟಾಕಿಯ ಹತ್ತಿರ ನಿಂತಿದ್ದ. ಫೋನು ಕೈಯಲ್ಲಿತ್ತು, ಕಿವಿಗೆ ಹಿಡಿದಿರಲಿಲ್ಲ.

ನಿಂತಿದ್ದ ಮುದುಕಿಯೊಬ್ಬಳು ಅಲ್ಲಿ ಯಾರಾದರೂ ಬರುವವರಿದ್ದಾರಾ ಎಂದು ಕೇಳಿದಳು. ಬಸ್ಸು ಬಿಡುವ ತನಕ ತಡೀರಿ ಅಮ್ಮಾ ಎಂದಳು ಸುಶ್ಮಿತಾ. ಕಂಡಕ್ಟರ್ ಬಂದು, ಶಿಗ್ಲಿಗೆ ಎಷ್ಟು ಎಂದ. ಅವಳು ಆಧಾರ್ ಕಾರ್ಡು ಮುಂದೆ ಹಿಡಿದಳು.

"ನಂದೊಂದು ಕೊಡ್ರಿ. ಅವರು ಬಂದ್ರ ಅವರದು ಅವರು ತಗೋತಾರ."

ಕಂಡಕ್ಟರ್ ಒಂದು ಸೊನ್ನೆ ಟಿಕೀಟು ಕೊಟ್ಟು ಸೀಟಿ ಊದಿದ. ಬಸ್ಸು ಅಲುಗಿತು. ಸುಶ್ಮಿತಾ ಕಿಟಕಿಯಿಂದ ಹೊರಗೆ ನೋಡದೆ, ಕ್ಯಾನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಮುದುಕಿಗೆ ಜಾಗ ಮಾಡಿದಳು.